ಎರಡು ಹೆಸರು, ಒಂದೇ ರಕ್ತ

ಅಥಣಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ನಸುಕು. ಎದುರಿನ ಚಹದಂಗಡಿಯವನು ಸ್ಟೋವ್ ಹಚ್ಚುವ ಹೊತ್ತಿಗೆ ಈ ಕಡೆ ಒಂದು ಷಟರ್ ಅರ್ಧಕ್ಕೆ ಏರುತ್ತದೆ. ಅದರಡಿ ಬಗ್ಗಿ ಒಳಗೆ ಹೋಗುವವರು ಮುನಾಫ ಜಮಾದಾರ. ಚಪ್ಪಲಿ ಹೊರಗೆ ಬಿಟ್ಟು, ಮೊಳಕೈತನಕ ಸಾಬೂನು ಹಚ್ಚಿ ಕೈ ತೊಳೆದು, ರಕ್ತಕಣ ಎಣಿಸುವ ಯಂತ್ರವನ್ನು ಚಾಲೂ ಮಾಡುತ್ತಾರೆ. ದಿನದ ಮೊದಲ ಗುಟುಕಾಗಿ ಅದಕ್ಕೆ ಕೊಡುವುದು ಯಾವ ರೋಗಿಯ ರಕ್ತವನ್ನೂ ಅಲ್ಲ. ಎಣಿಕೆ ಎಷ್ಟಿರಬೇಕೆಂದು ಮೊದಲೇ ಗೊತ್ತಿರುವ ಒಂದು ಪುಟ್ಟ ಬಾಟಲಿ ಇದೆ, ಅದರದ್ದು. ಯಂತ್ರ ಹೇಳಿದ ಅಂಕಿ ಬಾಟಲಿಯ ಅಂಕಿಗೆ ಹೊಂದಿದರೆ ಮಾತ್ರ ಮುಂದಿನ ಕೆಲಸ.

"ಮಷಿನ್ ಖರೇ ಹೇಳಾಕತ್ತೈತೋ ಇಲ್ಲೋ, ಅದನ್ನ ಮೊದಲ ಕೇಳಬೇಕ್ರಿ," ಎನ್ನುತ್ತಾರೆ ಮುನಾಫ. "ಆಮ್ಯಾಲ ಮಂದಿ ರಕ್ತ."

ಈ ಲ್ಯಾಬಿಗೆ ಬರುವವರಿಗೆ ಸೂಜಿ ಚುಚ್ಚುವವರ ಮುಖ ನೆನಪಿರುತ್ತದೆ. ವರದಿಯ ಕೆಳಗೆ ಸಹಿ ಮಾಡುವ ಡಾಕ್ಟರ ಹೆಸರು ಕಾಣುತ್ತದೆ. ಇವೆರಡರ ನಡುವೆ ಆ ರಕ್ತ ಅಂಕಿಯಾಗಿ, ಅಂಕಿ ವರದಿಯಾಗಿ, ವರದಿ ಸಂದೇಶವಾಗಿ ಒಬ್ಬರ ಫೋನಿಗೂ ಇನ್ನೊಂದು ಊರಿನ ಆಸ್ಪತ್ರೆಯ ಕಂಪ್ಯೂಟರಿಗೂ ತಲುಪುವಂತೆ ಮಾಡುವ ಮನುಷ್ಯನೊಬ್ಬ ಇದ್ದಾನೆಂದು ಯಾರಿಗೂ ಹೊಳೆಯುವುದಿಲ್ಲ. ಎಲ್ಲವನ್ನೂ ಕಂಪ್ಯೂಟರೇ ಮಾಡುತ್ತದೆ ಎಂದುಕೊಂಡಿದ್ದವರಲ್ಲಿ ನಾನೂ ಒಬ್ಬ.

ಇವತ್ತು ಮುನಾಫರ ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆ ಹೋಗುತ್ತಿದೆ. ಹಾರೂಗೇರಿ ಕಡೆಯ ಬಸ್ಸಿನಲ್ಲಿ ಅಲಖನೂರಿನ ರಕ್ತದ ಡಬ್ಬಿ ಬರಬೇಕು. ಅದರಲ್ಲಿ ಎಂಟನೇ ತಿಂಗಳ ಬಸುರಿಯೊಬ್ಬಳ ರಕ್ತವಿದೆ. ಆಕೆಯ ಚೊಚ್ಚಲ ಕೂಸು ಮೂರು ವರ್ಷಗಳ ಹಿಂದೆ ಇದೇ ಎಂಟನೇ ತಿಂಗಳಲ್ಲಿ ತೀರಿಕೊಂಡಿತು. ಆಗಲೂ ವರದಿ ಹೋದದ್ದು ಇದೇ ಕೋಣೆಯಿಂದ, ಇದೇ ಮುನಾಫರ ಕೈಯಿಂದ. ವರದಿಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.

ಮುನಾಫರಿಗೆ ಈಗ ನಲವತ್ತನಾಲ್ಕು. ಹುಟ್ಟಿದ್ದು ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯಲ್ಲಿ. ತಂದೆ ಮೈಬೂಬ ಸೈಕಲ್ಲಿಗೆ ಬಳೆಯ ಮಲಾರ ಕಟ್ಟಿಕೊಂಡು ಹೊಳೆಸಾಲಿನ ಊರುಗಳನ್ನೆಲ್ಲ ಸುತ್ತುತ್ತಿದ್ದರು. ಯಾವ ಮನೆಯ ಸೊಸೆಯ ಕೈ ಯಾವ ಅಳತೆಯದು ಎಂಬುದು ಅವರಿಗೆ ಬಾಯಿಪಾಠವಾಗಿತ್ತಂತೆ. ಮಗ ಪಿಯುಸಿ ಮುಗಿಸಿ ಮಿರಜಿನಲ್ಲಿ ಲ್ಯಾಬ್ ಕೆಲಸದ ಡಿಪ್ಲೊಮಾ ಮಾಡಿ, ಇಲ್ಲಿ ಸೇರಿ ಇಪ್ಪತ್ತು ವರ್ಷವಾಯಿತು. ಮೊದಲು ವರದಿಯನ್ನು ಕೈಯಿಂದ ಬರೆಯುತ್ತಿದ್ದರು, ಆಮೇಲೆ ಟೈಪು ಮಾಡುತ್ತಿದ್ದರು. ಈಗ ಸುತ್ತಲಿನ ಹಳ್ಳಿಗಳ ಸಣ್ಣ ಲ್ಯಾಬುಗಳ ಅಂಕಿಗಳೂ ಇವರ ಪರದೆಗೇ ಬಂದು ಬೀಳುತ್ತವೆ. ಸಾಧಾರಣ ದಿನ ಇನ್ನೂರು ವರದಿ. ಡೆಂಗಿ ಕಾಲದಲ್ಲಿ ಊಟಕ್ಕೆ ಏಳಲೂ ಆಗುವುದಿಲ್ಲ.

ಬರುವ ಅಂಕಿಗಳೆಲ್ಲ ಒಂದೇ ವೇಷದಲ್ಲಿ ಬರುವುದಿಲ್ಲ ಎಂಬುದೇ ಈ ಕೆಲಸದ ತಲೆನೋವು. ಪ್ಲೇಟ್‌ಲೆಟ್ ಎಣಿಕೆಯನ್ನೇ ತೆಗೆದುಕೊಳ್ಳಿ. ಡೆಂಗಿಯ ದಯೆಯಿಂದ ಈ ಶಬ್ದ ಈಗ ಕಟ್ಟೆಯ ಮೇಲೆ ಕೂತ ಮುದುಕರಿಗೂ ಗೊತ್ತು. ಅದೇ ಎಣಿಕೆಯನ್ನು ಒಂದು ಊರಿನವರು ಒಂದು ಪಾಯಿಂಟ್ ಆರು ಎಂದು ಬರೆಯುತ್ತಾರೆ, ಲಕ್ಷ ಎಂಬುದು ಅವರ ಮನಸ್ಸಿನಲ್ಲಿರುತ್ತದೆ. ಇನ್ನೊಂದು ಊರಿನವರು ನೂರಾ ಅರವತ್ತು ಎನ್ನುತ್ತಾರೆ, ಸಾವಿರ ಅವರ ಮನಸ್ಸಿನಲ್ಲಿರುತ್ತದೆ. ಮತ್ತೊಬ್ಬರು ಒಂದು ಲಕ್ಷ ಅರವತ್ತು ಸಾವಿರವನ್ನು ಸೊನ್ನೆಗಳ ಸಮೇತ ಪೂರ್ತಿ ಬರೆಯುತ್ತಾರೆ. ಮೂರೂ ಒಂದೇ. ಇವನ್ನೆಲ್ಲ ಒಂದೇ ಅಚ್ಚಿಗೆ ತರಬೇಕು. ಪರೀಕ್ಷೆಯ ಗುರುತಿನ ಸಂಖ್ಯೆ, ಅಂಕಿ, ಅದರ ಮಾನ, ಆರೋಗ್ಯವಂತರಲ್ಲಿ ಎಷ್ಟಿರಬೇಕೆಂಬ ಮಿತಿ, ರಕ್ತ ತೆಗೆದ ಸಮಯ, ಎಲ್ಲವೂ ಅವುಗಳ ಖಾನೆಯಲ್ಲೇ ಕೂರಬೇಕು. ಹಾಗಿದ್ದರೆ ಮಾತ್ರ ಇಲ್ಲಿಂದ ಹೋದ ವರದಿಯನ್ನು ಮಿರಜಿನ ಆಸ್ಪತ್ರೆಯ ಕಂಪ್ಯೂಟರು ತಾನಾಗಿ ಓದಿ ಆ ರೋಗಿಯ ಹಳೆಯ ವರದಿಗಳ ಪಕ್ಕದಲ್ಲಿ ಇಡುತ್ತದೆ.

"ಆ ಕಡೆ ಕುಂತಿದ್ದು ಮನಷ್ಯಾ ಅಲ್ರಿ," ಎಂದು ಮುನಾಫ ವಿವರಿಸುತ್ತಾರೆ. "ಮನಷ್ಯಾ ಆದ್ರ, ಏ ಇದೇನೋ ತಪ್ಪೈತಿ, ಫೋನ್ ಮಾಡಿ ಕೇಳೂಣು ಅಂತಾನ. ಕಂಪ್ಯೂಟರ್ ಹಂಗ ಅನ್ನೂದಿಲ್ಲ. ನಾವು ಏನ ಕೊಡ್ತೀವಿ ಅದನ್ನ ನುಂಗತೈತಿ."

ಕಂಪ್ಯೂಟರು ಯಾರನ್ನು ಒಬ್ಬನೇ ಮನುಷ್ಯ ಎಂದು ಗುರುತಿಸಬೇಕು ಎಂಬುದಕ್ಕೂ ನಿಯಮವಿದೆ. ಹೆಸರು, ವಯಸ್ಸು, ಫೋನ್ ನಂಬರು ಮೂರೂ ಹೊಂದಿದರೆ ಹಳೆಯ ರೋಗಿ. ಹೊಂದದಿದ್ದರೆ ಹೊಸ ರೋಗಿ, ಹೊಸ ಸಂಖ್ಯೆ. ಬೇರೆ ಸೀಮೆಯಲ್ಲಿ ಈ ನಿಯಮ ಚೆನ್ನಾಗಿಯೇ ನಡೆದೀತು. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ನಮ್ಮ ಈ ತಾಲ್ಲೂಕುಗಳಲ್ಲಿ ಅನೇಕ ಮನೆಗಳಲ್ಲಿ ಲಗ್ನದ ದಿನವೇ ಸೊಸೆಯ ಹೆಸರು ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ವರ ಉಂಗುರದ ತುದಿಯಿಂದ ಹೊಸ ಹೆಸರು ಬರೆಯುತ್ತಾನೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಅವತ್ತಿನಿಂದ ಗಂಡನ ಮನೆಯಲ್ಲಿ ಅವಳು ಅದೇ. ತವರಿನಲ್ಲಿ ಮಾತ್ರ ಯಾರೂ ಆ ಹೊಸ ಹೆಸರು ಹಿಡಿದು ಕರೆಯುವುದಿಲ್ಲ, ಕರೆದರೆ ಅವ್ವನಿಗೇ ನಗು ಬರುತ್ತದೆ.

ಅಲಖನೂರಿನ ಸ್ನೇಹಲ ಹೀಗೆಯೇ ಜುಗೂಳದ ಶ್ರೇಣಿಕನ ಹೆಂಡತಿ ಪ್ರಾಜಕ್ತಾ ಆದವಳು. ಹೆಸರು ಆರಿಸಿದ್ದು ಅತ್ತೆ ಮಂಗಲ. ಅಂಗಳದಲ್ಲಿ ಪಾರಿಜಾತದ ಗಿಡವಿದೆ, ಮರಾಠಿಯಲ್ಲಿ ಅದಕ್ಕೆ ಪ್ರಾಜಕ್ತ ಅನ್ನುತ್ತಾರೆ. ಅಷ್ಟು ಅಕ್ಕರೆಯಿಂದ ಇಟ್ಟ ಹೆಸರು. ಈ ಮನೆಯವರ ಹೆಸರು ಬರೆಯಲೇ ಬೇಡವೇ ಎಂದು ನಾನು ಕೇಳಿದಾಗ ಮಂಗಲ ಅವರೇ, "ಬರೀರಿ. ನಮ್ಮ ಮನ್ಯಾಗ ಆದಂಗ ಇನ್ನೊಬ್ರ ಮನ್ಯಾಗ ಆಗಬಾರ್ದು," ಎಂದರು.

ಮೂರು ವರ್ಷದ ಹಿಂದೆ, ಬಸಿರಿನ ಐದನೇ ತಿಂಗಳಲ್ಲಿ, ಜುಗೂಳದಿಂದ ರಕ್ತ ಬಂತು. ಹೆಸರು ಪ್ರಾಜಕ್ತಾ, ಫೋನು ಗಂಡನದು. ಪ್ಲೇಟ್‌ಲೆಟ್ ಎರಡು ಲಕ್ಷ ತೊಂಬತ್ತು ಸಾವಿರ. ಆಮೇಲೆ ರೂಢಿಯಂತೆ ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ದರು. ಎಂಟನೇ ತಿಂಗಳಲ್ಲಿ ಅಲಖನೂರಿನಿಂದ ರಕ್ತ ಬಂತು. ಹೆಸರು ಸ್ನೇಹಲ, ಫೋನು ತಂದೆಯದು, ವಯಸ್ಸು ಅಂದಾಜಿನಲ್ಲಿ ಒಂದು ವರ್ಷ ಹೆಚ್ಚು. ಒಂದು ಲಕ್ಷ ಅರವತ್ತು ಸಾವಿರ. ಮುನಾಫ ನಿಯಮದಂತೆ ಹೊಸ ಸಂಖ್ಯೆ ಕೊಟ್ಟರು. ಒಂದೂವರೆ ಲಕ್ಷಕ್ಕಿಂತ ಕೆಳಗಿಳಿದರೆ ಮಾತ್ರ ವರದಿಯಲ್ಲಿ ಅಂಕಿ ಕೆಂಪಾಗುತ್ತದೆ. ಇದು ಕೆಂಪಾಗಲಿಲ್ಲ. ಆ ವರದಿಯೂ ನಾರ್ಮಲ್, ಈ ವರದಿಯೂ ನಾರ್ಮಲ್. ಮೂರು ತಿಂಗಳಲ್ಲಿ ಎಣಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದೆ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಕಾಗದದ ಮೇಲೆ ಅವರು ಇಬ್ಬರು ಹೆಂಗಸರು.

ವಾರದೊಳಗೆ ಸ್ನೇಹಲಳ ಮುಖ, ಕಾಲು ಬಾತವು. ಬಿಪಿ ಏರಿ ಫಿಟ್ಸ್ ಬಂತು. ಮಿರಜಿಗೆ ಒಯ್ಯುವಷ್ಟರಲ್ಲಿ ಒಳಗಿನ ಕೂಸು ಮಿಸುಕಾಡುವುದನ್ನು ನಿಲ್ಲಿಸಿತ್ತು. ತಾಯಿ ಉಳಿದಳು.

ಹದಿನೈದು ದಿನವಾದ ಮೇಲೆ ಮಂಗಲ ಒಬ್ಬರೇ ಬಸ್ಸು ಹತ್ತಿ ಈ ಲ್ಯಾಬಿಗೆ ಬಂದರು. ಒಂದು ಕೈಯಲ್ಲಿ ಒಂದು ವರದಿ, ಇನ್ನೊಂದು ಕೈಯಲ್ಲಿ ಇನ್ನೊಂದು. ಎರಡನ್ನೂ ಮುನಾಫರ ಮುಂದೆ ಮೇಜಿನ ಮೇಲೆ ಇಟ್ಟು ಕೇಳಿದರು. "ತಮ್ಮಾ, ಇಕಿ ನಮ್ಮ ಸೊಸಿ. ಇಕೀನೂ ನಮ್ಮ ಸೊಸಿ. ಒಬ್ಬಾಕಿನ್ನ ನೀ ಇಬ್ಬರನ್ನ ಹೆಂಗ ಮಾಡಿದಿ?"

ಇದನ್ನು ಹೇಳುವಾಗ ಮುನಾಫ ನನ್ನ ಕಡೆ ನೋಡುವುದಿಲ್ಲ, ಕೀಬೋರ್ಡಿನ ಧೂಳು ಒರೆಸುತ್ತಿರುತ್ತಾರೆ. "ಅಕ್ಕಾರು ಬೈದಿದ್ರ ಚಲೋ ಇತ್ತರಿ. ಬೈಲಿಲ್ಲ. ಕೇಳಿದ್ರು ಅಷ್ಟ. ನಾ ನಿಯಮದ ಪ್ರಕಾರ ಮಾಡೇನಿ ಅಂತ ಹೇಳಬಹುದಿತ್ತು. ನಿಯಮ ತೊಗೊಂಡ ಆ ಹೆಣ್ಮಗಳು ಏನ ಮಾಡಬೇಕು?"

ಲ್ಯಾಬಿನ ಡಾಕ್ಟರು ಸುಜಯ ಅಳೆದು ತೂಗಿ ಮಾತಾಡುವವರು. ಸೂಕ್ಷ್ಮದರ್ಶಕದಿಂದ ತಲೆಯೆತ್ತಿ ಅವರು ಹೇಳುತ್ತಾರೆ: "ಆ ಒಂದು ಅಂಕಿಯಿಂದನ ಕೂಸು ಉಳೀತಿತ್ತು ಅಂತ ನಾ ಹೇಳಾಂಗಿಲ್ರಿ. ಆದ್ರ ಎರಡೂ ಅಂಕಿ ಒಂದ ಹಾಳಿ ಮ್ಯಾಲ ಇದ್ದಿದ್ರ, ಅವತ್ತ ನಾನು ಅವರ ಡಾಕ್ಟರ್‌ಗೆ ಫೋನ್ ಮಾಡ್ತಿದ್ದೆ. ಬಸುರ್ಯಾರಿಗೆ ಪ್ಲೇಟ್‌ಲೆಟ್ ಹಿಂಗ ಇಳಿಯೂದು ಬಿಪಿ ಏರೂದಕ್ಕ ಮುನ್ಸೂಚನಿ ಇರಬಹುದು. ಒಂದು ವಾರ ಸಿಗ್ತಿತ್ತು." ಮುನಾಫರದು ತಪ್ಪೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ. ಅಲ್ಲ ಎಂದು ಅವರು ಮುನಾಫರಿಗೆ ಎಷ್ಟೋ ಸಲ ಹೇಳಿದ್ದಾರಂತೆ. ಮುನಾಫ ಹೂಂ ಅನ್ನುತ್ತಾರೆ, ಒಪ್ಪುವುದಿಲ್ಲ.

ಒಪ್ಪದ ಮನುಷ್ಯ ಸುಮ್ಮನೆ ಕೂರಲಿಲ್ಲ. ಬಸುರಿಯರ ರಕ್ತ ಹೊಸ ಹೆಸರಿನಲ್ಲಿ ಬಂದಾಗಲೆಲ್ಲ ಆ ಮನೆಗೆ ಫೋನು ಹಚ್ಚತೊಡಗಿದರು. ಈ ಹೆಂಗಸಿಗೆ ಇನ್ನೊಂದು ಹೆಸರೇನಾದರೂ ಇದೆಯೇ ಎಂಬ ಪ್ರಶ್ನೆ. ಗೊತ್ತಿಲ್ಲದ ಗಂಡಸು ಫೋನು ಮಾಡಿ ನಿಮ್ಮ ಹೆಂಡತಿಯ ತವರಿನ ಹೆಸರೇನು ಎಂದು ಕೇಳಿದರೆ ಯಾರು ಸಹಿಸುತ್ತಾರೆ? ಬೈಸಿಕೊಂಡರು. ಒಬ್ಬನಂತೂ ಮೋಟರ್‌ಸೈಕಲ್ ಹತ್ತಿ ಜಗಳಕ್ಕೇ ಬಂದ. "ನನ್ನ ಹೆಸರ ಮುನಾಫ ಅಂತ ಹೇಳಿದ ಕೂಡ್ಲೆ ಕೆಲವ್ರ ದನಿ ಬದಲಾಗತಿತ್ರಿ," ಎಂದು ಅವರು ಮೆಲ್ಲಗೆ ಹೇಳುತ್ತಾರೆ. "ಕಾಲ ಹಂಗ ಐತಿ. ಅವ್ರದೂ ಏನ ತಪ್ಪ ಹೇಳ್ರಿ, ಮನಿ ಹೆಣ್ಮಕ್ಕಳ ವಿಷಯ." ಅವರಷ್ಟು ಉದಾರವಾಗಿ ಆ ದನಿಗಳನ್ನು ಕ್ಷಮಿಸಲು ನನಗೆ ಆಗಲಿಲ್ಲ ಎಂಬುದನ್ನು ಇಲ್ಲಿ ಬರೆದೇ ಬಿಡುತ್ತೇನೆ.

ದಾರಿ ತೋರಿಸಿದ್ದು ಹೆಂಡತಿ ಹೀನಾ. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುವ ಹೀನಾಗೆ ಹೆಂಗಸರ ಜತೆ ಮಾತಾಡುವುದು ದಿನದ ಕೆಲಸ. ಗಂಡ ಬೈಸಿಕೊಳ್ಳುವುದನ್ನು ನೋಡಲಾರದೆ ಒಂದು ದಿನ ಫೋನು ಕಸಿದುಕೊಂಡರಂತೆ.

"ಇವರು ಕೇಳೂದು ಪೊಲೀಸ್ರ ಕೇಳಿದಂಗ ಇತ್ರಿ," ಎಂದು ಹೀನಾ ನಗುತ್ತಾರೆ. "ಹೆಸರ ಹೇಳ್ರಿ, ಇನ್ನೊಂದ ಹೆಸರ ಹೇಳ್ರಿ! ಯಾರ ಹೇಳ್ತಾರ? ನಾ ಹಂಗ ಕೇಳೂದಿಲ್ಲ. ಎಷ್ಟನೇ ತಿಂಗಳ ನಡದೈತಿ ತಂಗಿ, ಉಣ್ಣಾಕ ಸೇರತೈತೇನು, ಕಾಲ ಬಾತಾವೇನು ಅಂತ ಕೇಳ್ತೀನಿ. ಆಮ್ಯಾಲ, ನಿಮ್ಮವ್ವ ನಿನ್ನ ಏನಂತ ಕರೀತಾಳವ್ವಾ ಅಂತೀನಿ. ಆ ಮಾತಿಗೆ ಎಲ್ಲಾರೂ ಹೇಳ್ತಾರ್ರಿ. ಕೆಲವ್ರು ಅಳ್ತಾರ ಸೈತ."

ಹೆಸರು ಸಿಕ್ಕರೆ ಸಾಕೇ? ಬರೆಯಲು ಜಾಗ ಬೇಕಲ್ಲ. ಅಚ್ಚಿನಲ್ಲಿ ಹೆಸರಿಗೆ ಇದ್ದದ್ದು ಒಂದೇ ಖಾನೆ. ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಗೆ ಡಾ. ಸುಜಯ ಬರೆದರು. ಅಚ್ಚು ಎಲ್ಲರಿಗೂ ಒಂದೇ, ನಿಮ್ಮೊಬ್ಬರಿಗಾಗಿ ಬದಲಿಸಲಾಗದು ಎಂಬ ಉತ್ತರ ಬಂತು. ಮತ್ತೆ ಬರೆದರು, ಮತ್ತೆ ಅದೇ ಉತ್ತರ. ಒಂದೂವರೆ ವರ್ಷ ಹೀಗೇ ಹೋಯಿತು. ಒಂದು ದಿನ ಬೇರೆ ಏನೋ ದುರಸ್ತಿಗೆಂದು ಕಂಪನಿಯ ಹುಡುಗಿಯೊಬ್ಬಳು ಕೊಲ್ಹಾಪುರದಿಂದ ಫೋನು ಮಾಡಿದಾಗ ಮುನಾಫ ಅವಳಿಗೂ ಈ ಕತೆ ಹೇಳಿದರು. ಕೇಳಿಸಿಕೊಂಡ ಅವಳು ಮರಾಠಿಯಲ್ಲಿ, ನಮ್ಮ ಅವ್ವನಿಗೂ ಎರಡು ಹೆಸರಿದೆ ಎಂದಳಂತೆ. ತಿಂಗಳೊಳಗೆ ಅಚ್ಚಿನಲ್ಲಿ 'ಇನ್ನೊಂದು ಹೆಸರು' ಎಂಬ ಖಾನೆ ಸೇರಿತು. ಈಗ ಎರಡರಲ್ಲಿ ಯಾವ ಹೆಸರು ಹೊಡೆದರೂ ಅದೇ ಹೆಂಗಸು ಸಿಗುತ್ತಾಳೆ, ಅವಳ ಹಿಂದಿನ ಅಂಕಿಗಳೆಲ್ಲ ಪಕ್ಕದಲ್ಲಿ ಬಂದು ನಿಲ್ಲುತ್ತವೆ. ಮಿರಜಿಗೆ ಹೋಗುವ ಸಂದೇಶದಲ್ಲೂ ಎರಡೂ ಹೆಸರು ಹೋಗುತ್ತವೆ.

ಬಿಸಿಲು ಓಣಿಗೆ ಇಳಿಯುವ ಹೊತ್ತಿಗೆ ಡಬ್ಬಿ ಬರುತ್ತದೆ. ಕಂಡಕ್ಟರ್ ಕೊಟ್ಟದ್ದನ್ನು ಮುನಾಫ ತಾವೇ ಹೋಗಿ ತಂದಿದ್ದಾರೆ. ಬರ್ಫದ ಪಾಕೀಟುಗಳ ನಡುವಿನಿಂದ ಒಂದು ನಳಿಕೆ ಎತ್ತಿ ಚೀಟಿ ಓದುತ್ತಾರೆ: ಸ್ನೇಹಲ. ಈ ಸಲವೂ ಅವಳು ತವರಿಗೆ ಬಂದಿದ್ದಾಳೆ. ಹಿಂದಿನದು ಆಗಿಹೋದ ಮೇಲೆ ಅವಳ ತಾಯಿಗೆ ಜೀವ ತಡೆಯಲಿಲ್ಲ, ತಾನೇ ನೋಡಿಕೊಳ್ಳುತ್ತೇನೆಂದು ಕರೆತಂದಿದ್ದಾರೆ. ನಳಿಕೆಯನ್ನು ಹಗುರವಾಗಿ ಮೇಲೆ ಕೆಳಗೆ ಮಾಡಿ ಯಂತ್ರದ ಸೂಜಿಗೆ ಹಿಡಿಯುತ್ತಾರೆ.

ಒಂದು ಲಕ್ಷ ಎಂಬತ್ತು ಸಾವಿರ.

ಅಂಕಿ ಕೆಂಪಾಗಿಲ್ಲ. ಅದರ ಪಕ್ಕದಲ್ಲೇ ಮೂರು ವಾರದ ಹಿಂದೆ ಜುಗೂಳದಲ್ಲಿ ಪ್ರಾಜಕ್ತಾ ಎಂಬ ಹೆಸರಿನಲ್ಲಿ ತೆಗೆದ ರಕ್ತದ ಅಂಕಿ ನಿಂತಿದೆ: ಎರಡು ಲಕ್ಷ ಎಪ್ಪತ್ತು ಸಾವಿರ. ಮುನಾಫ ಅದೇ ರಕ್ತವನ್ನು ಇನ್ನೊಮ್ಮೆ ಎಣಿಸುತ್ತಾರೆ, ಅಂಕಿ ಹೆಚ್ಚೇನೂ ಬದಲಾಗುವುದಿಲ್ಲ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಎಳೆದು ಬಣ್ಣ ಹಾಕಿ ಡಾ. ಸುಜಯರ ಮುಂದೆ ಇಡುತ್ತಾರೆ. ಕಣಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಯಂತ್ರ ಕಡಿಮೆ ಎಣಿಸುವುದುಂಟು, ಅದನ್ನು ಕಣ್ಣಾರೆ ನೋಡಬೇಕು. ಡಾಕ್ಟರು ಬಹಳ ಹೊತ್ತು ನೋಡುತ್ತಾರೆ.

"ಅಂಟಿಲ್ಲ, ಮುನಾಫ," ಎನ್ನುತ್ತಾರೆ. "ಖರೇನ ಇಳದಾವ. ಕಳಸ್ರಿ. ನಾ ಫೋನ್ ಮಾಡ್ತೀನಿ."

ಮಿರಜಿನ ಡಾಕ್ಟರ ಜತೆ ಮಾತು ಮುಗಿಯುವ ಮೊದಲೇ ವರದಿ ಅಲ್ಲಿಗೆ ಹೋಗಿ ಬಿದ್ದಿದೆ. ಇವತ್ತೇ ಕರೆತನ್ನಿ, ಕೂಡಲೇ ಕರೆತನ್ನಿ ಎಂದು ಆ ಕಡೆಯಿಂದ ಸೂಚನೆ. ಅಲಖನೂರಿಗೆ ಮನೆಯಿಂದ ಫೋನು ಹಚ್ಚುವ ಕೆಲಸ ಹೀನಾ ಅವರದು, ಗಂಡನನ್ನೂ ಅದೇ ಕರೆಗೆ ಸೇರಿಸಿಕೊಂಡಿದ್ದಾರೆ. ಗಾಬರಿಯಾಗಬೇಡ ತಂಗಿ, ಬಿಪಿ ನೋಡಿಸಬೇಕಂತೆ, ಎರಡು ಸೀರೆ ಇಟ್ಟುಕೊಂಡು ಹೊರಡು ಎಂದು ಆಕೆ ಹೇಳುವುದು ಮುನಾಫರ ಫೋನಿನಿಂದ ನನಗೂ ಕೇಳಿಸುತ್ತದೆ. ಶ್ರೇಣಿಕ ಜುಗೂಳದಿಂದ ನೇರ ಮಿರಜಿಗೆ ಹೊರಡುತ್ತಾನೆ. ಮುನಾಫ ಪರದೆಯ ಮೇಲಿನ ಒಂದು ಸಾಲನ್ನೇ ನೋಡುತ್ತ ಕೂತಿದ್ದಾರೆ. ಅಲ್ಲಿ 'ತಲುಪಿದೆ' ಎಂದು ಬಂದಿದೆ, ಆಮೇಲೆ 'ತೆರೆಯಲಾಗಿದೆ' ಎಂದು ಬರುತ್ತದೆ. ಅದು ಬಂದ ಮೇಲೆಯೇ ಮುಂದಿನ ನಳಿಕೆಗೆ ಕೈ ಹಾಕುತ್ತಾರೆ. ಅವತ್ತಿನ ಉಳಿದ ವರದಿಗಳೂ ಕಾಯುತ್ತಿವೆ, ಯಾರದೋ ಸಕ್ಕರೆ, ಯಾರದೋ ಥೈರಾಯ್ಡ್, ಕಾಗವಾಡದ ಮುದುಕರೊಬ್ಬರ ಕಿಡ್ನಿ.

ಒಂದೂವರೆ ತಿಂಗಳಾದ ಮೇಲೆ ನಾನು ಜುಗೂಳಕ್ಕೆ ಹೋಗುತ್ತೇನೆ. ಮಿರಜ ತಲುಪಿದ ರಾತ್ರಿಯೇ ಸ್ನೇಹಲಳ ಬಿಪಿ ಏರತೊಡಗಿತ್ತು. ಈ ಸಲ ಅವಳು ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಇದ್ದಳು. ನಾಲ್ಕು ದಿನ ಔಷಧ ಕೊಟ್ಟು ಕಾಯ್ದು, ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಅಂಗೈಯಷ್ಟೇ ಇತ್ತು ಎನ್ನುತ್ತಾರೆ ಮನೆಯವರು. ಇಪ್ಪತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಈಗ ಅವ್ವನ ಮಗ್ಗುಲಲ್ಲಿ ಮಲಗಿದೆ.

ನಿಮ್ಮನ್ನು ಯಾವ ಹೆಸರಿನಿಂದ ಕರೆಯಬೇಕು ಎಂದು ಆ ತಾಯಿಯನ್ನು ಕೇಳುತ್ತೇನೆ. ಆಕೆ ಕೂಸಿನ ಕುಲಾವಿ ಸರಿಮಾಡುತ್ತ, "ಯಾವದಕ್ಕಾದ್ರೂ ಓ ಅಂತೀನ್ರಿ ಈಗ," ಎನ್ನುತ್ತಾಳೆ. "ಮೊದಲಿನ ಕೂಸು ಹ್ವಾದ ಮ್ಯಾಲ, ಯಾವ ಹೆಸರ ಹಿಡದ ಕರದ್ರೂ ಓ ಅನ್ನಾಕ ಮನಸ್ಸ ಇರಲಿಲ್ರಿ. ಅಲ್ಲಿ ಕರದ್ರ ಅದು ನಾ ಅಲ್ಲ ಅನಸ್ತಿತ್ತು. ಇಲ್ಲಿ ಕರದ್ರನೂ ಅಲ್ಲ ಅನಸ್ತಿತ್ತು."

ಮಂಗಲ ಅವರು ಆ ಮಾತಿಗೆ ಎದ್ದು ಒಳಗೆ ಹೋದರು. ಹೆಸರಿಟ್ಟ ತಪ್ಪು ಅವರ ಎದೆಯಲ್ಲಿ ಎಷ್ಟು ಭಾರವಾಗಿ ಕೂತಿದೆ ಎಂಬುದು ಆಗ ನನಗೆ ಅರಿವಾಯಿತು. ಪದ್ಧತಿಯನ್ನು ಅವರೇನೂ ಹುಟ್ಟಿಸಿದವರಲ್ಲ. ಅವರಿಗೂ ತವರಿನಲ್ಲಿ ಬೇರೊಂದು ಹೆಸರಿತ್ತು, ಅದನ್ನು ಹಿಡಿದು ಕರೆಯುವವರು ಈಗ ಒಬ್ಬರೂ ಉಳಿದಿಲ್ಲ.

ಮುಂದಿನ ವಾರ ಕೂಸಿನ ರಕ್ತ ಪರೀಕ್ಷೆಗೆ ಅವರೇ ಅದನ್ನು ಎತ್ತಿಕೊಂಡು ಅಥಣಿಗೆ ಬರುತ್ತಾರೆ, ಹಿಂದೆ ಸೊಸೆ, ಮಗ. ಮೂರು ವರ್ಷದ ಹಿಂದೆ ಎರಡು ವರದಿ ಹಿಡಿದು ನಿಂತಿದ್ದ ಜಾಗದಲ್ಲೇ ನಿಂತಿದ್ದಾರೆ. ಹಿಮ್ಮಡಿ ಚುಚ್ಚಿಸಿಕೊಂಡ ಕೂಸು ಕೋಣೆ ಹಾರಿಹೋಗುವಂತೆ ಅಳುತ್ತಿದೆ. ಆ ಅಳುವಿನ ನಡುವೆಯೇ ಮುನಾಫ ಮುಖದ ತುಂಬ ನಗುತ್ತಿದ್ದಾರೆ. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಿರಜಿನ ಕಾಗದಗಳಲ್ಲೆಲ್ಲ ಅದು ಪ್ರಾಜಕ್ತಾಳ ಕೂಸು ಎಂದಷ್ಟೇ ಇದೆ. "ಹೆಸರ ಏನ ಬರೀಲ್ರಿ ಅಕ್ಕಾರ?" ಎಂದು ಮುನಾಫ ಕೇಳುತ್ತಾರೆ.

"ಚಂದನಾ ಅಂತ ಬರಿ ತಮ್ಮಾ," ಎನ್ನುತ್ತಾರೆ ಮಂಗಲ. "ಇಕಿಗೆ ಇದೊಂದ ಹೆಸರ. ಮುಂದ ಲಗ್ನದಾಗ ಬೀಗರು ಬದ್ಲಿ ಮಾಡ್ತೀವಿ ಅಂದ್ರ, ನಾ ಜೀವಂತ ಇದ್ರ ನಾನ ಅಡ್ಡ ನಿಂದ್ರತೀನಿ. ನಾ ಇರ್ಲಿಲ್ಲ ಅಂದ್ರ ಇಕಿ ಅವ್ವ ನಿಂದ್ರತಾಳ."

ಸೊಸೆ ತಲೆ ಅಲ್ಲಾಡಿಸುತ್ತಾಳೆ. ಮುನಾಫ ಒಂದೊಂದೇ ಅಕ್ಷರ ಹೊಡೆಯುತ್ತಾರೆ. ಎಲ್ಲ ಖಾನೆಗಳೂ ತುಂಬಿ ವರದಿ ಹೊರಟ ಮೇಲೆ, ಆ ಮನೆಯವರು ಹೋದ ಬಾಗಿಲನ್ನು ನೋಡುತ್ತ ಮುನಾಫ ನನಗೆ ಹೇಳುತ್ತಾರೆ:

"ಇನ್ನೊಂದ ಹೆಸರಿನ ಖಾನೆ ಕೂಡ್ಸಾಕ ಎಷ್ಟ ಹೊಡದಾಡೇವ್ರಿ ನಾವು. ಈ ಹುಡುಗೀದು ಮಾತ್ರ ಕಡೀತನಕ ಖಾಲಿ ಇರ್ಲಿ."